ಒಳಗಿನ ಪ್ಯಾಡ್ ನೋಡಿದ್ರಾ?

ತೀರ್ಥಹಳ್ಳಿಯಿಂದ ಆಗುಂಬೆ ಮೇಲೆ ಉಡುಪಿಗೆ ಹೋಗೋರು ಘಾಟಿಯ 14 ಹೇರ್‌ಪಿನ್ ತಿರುವು ಇಳಿಯಲೇಬೇಕು. ತಿಂಗಳಿಗೊಮ್ಮೆ ನಮ್ಮ ಓಡಾಟವೂ ಆ ದಾರಿಯಲ್ಲೇ. ಹಿಂದಿನ ಸೀಟಿನಲ್ಲಿ ಅತ್ತೆ, ಮಗಳು. ಕಾರಿನಲ್ಲಿ ಹಾಡು ಕೇಳದಿದ್ದರೂ ನಡೆಯುತ್ತೆ, ಬ್ರೇಕ್ ಮಾತ್ರ ಹೇಳಿದ ಹಾಗೆ ಕೇಳಬೇಕು ನೋಡಿ.

ಕಳೆದ ತಿಂಗಳು ಮುಂದಿನ ಎಡ ಚಕ್ರದಿಂದ ಕೀಂಯ್ ಅಂತ ಸದ್ದು ಶುರುವಾಯಿತು. ಪ್ಯಾಡ್ ಸವೆದಾಗ ಅದಕ್ಕೆ ಅಂಟಿಕೊಂಡ ಚಿಕ್ಕ ಲೋಹದ ಪಟ್ಟಿ ಡಿಸ್ಕಿಗೆ ಉಜ್ಜಿ ಹೀಗೆ ಕೂಗುತ್ತದೆ. ಎಚ್ಚರಿಸಲೆಂದೇ ಅದನ್ನು ಇಟ್ಟಿರುತ್ತಾರೆ. ಟಾರ್ಚ್ ಹಿಡಿದು ನೋಡಿದರೆ ಹೊರಗಿನ ಪ್ಯಾಡ್ ದಪ್ಪಗೇ ಇತ್ತು. ಹಲವು ವರ್ಷ ಗ್ಯಾರೇಜಿನಲ್ಲಿ ದುಡಿದ ನಮ್ಮ ಭಾವ, "ಹೊರಗಿಂದು ನೋಡಿ ನಂಬಬೇಡಮ್ಮ, ಬಿಚ್ಚಿ ಒಳಗಿಂದು ನೋಡೋಣ" ಅಂದರು.

ಭಾನುವಾರ ಸಮತಟ್ಟಾದ ಅಂಗಳದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟೆವು. ಚಕ್ರ ನೆಲದ ಮೇಲಿದ್ದಾಗಲೇ ನಟ್ಟು ಸ್ವಲ್ಪ ಸಡಿಲಿಸಿ, ಆಮೇಲೆ ಜಾಕ್. ಜಾಕ್ ಎತ್ತೋದಕ್ಕೆ ಮಾತ್ರ. ಭಾರ ಹೊರಲು ಸ್ಟ್ಯಾಂಡೇ ಬೇಕು. ಇಟ್ಟಿಗೆ, ಕಲ್ಲು ಬೇಡವೇ ಬೇಡ.

ಬಿಚ್ಚಿದಾಗ ಒಳಗಿನ ಪ್ಯಾಡ್ 2 ಮಿ.ಮೀ. ಕೂಡ ಉಳಿದಿರಲಿಲ್ಲ. 3 ಮಿ.ಮೀ.ಗೆ ಬಂದರೇ ಬದಲಿಸಬೇಕು. ಕಾರಣ ಕ್ಯಾಲಿಪರಿನ ಸ್ಲೈಡ್ ಪಿನ್ನು. ನಮ್ಮ ಕಾರಿನಂಥ ಬ್ರೇಕಿನಲ್ಲಿ ಪಿಸ್ಟನ್ ತಳ್ಳೋದು ಒಳಗಿನ ಪ್ಯಾಡನ್ನು. ಕ್ಯಾಲಿಪರ್ ಪಿನ್ನಿನ ಮೇಲೆ ಜಾರಿ ಬಂದು ಹೊರಗಿನದನ್ನು ಎಳೆಯುತ್ತದೆ. ಗ್ರೀಸ್ ಒಣಗಿ ಪಿನ್ನು ಹಿಡಿದುಕೊಂಡರೆ ಒಳಗಿನದೇ ದುಡಿದು ಸವೆಯುತ್ತದೆ. ಬರೀ ಪ್ಯಾಡ್ ಹಾಕಿದ್ದರೆ ಹೊಸದಕ್ಕೂ ಅದೇ ಗತಿ.

ಪಿನ್ನು ಒರೆಸಿ, ಶಾಖ ತಡೆಯುವ ಸಿಲಿಕೋನ್ ಗ್ರೀಸ್ ಹಚ್ಚಿದೆವು. ಹಳೆ ಕ್ಲಿಪ್ ತೆಗೆದು, ಕೆಳಗಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಹೊಸ ಕ್ಲಿಪ್ ಕೂರಿಸಿದೆವು. ದೂಳನ್ನು ಊದಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಕ್ಯಾಲಿಪರನ್ನು ಬ್ರೇಕ್ ಹೋಸಿಗೆ ಜೋತುಬೀಳಲು ಬಿಡದೆ ತಂತಿಯಿಂದ ಕಟ್ಟಿದೆವು. ಸಿ-ಕ್ಲಾಂಪಿನಿಂದ ಪಿಸ್ಟನ್ ಒಳಗೆ ತಳ್ಳುವಾಗ ಬಾನೆಟ್ಟಿನ ಕೆಳಗೆ ಬ್ರೇಕ್ ಆಯಿಲ್ ಮೇಲೇರುತ್ತದೆ, ಉಕ್ಕದಂತೆ ನೋಡ್ಕೋಬೇಕು. ಪೇಂಟಿನ ಮೇಲೆ ಬಿದ್ದರೆ ಬಣ್ಣ ಕಿತ್ತುಬರುತ್ತೆ.

ಡಿಸ್ಕಿನ ಮೇಲೆ ಕೊರೆದಿರುವ ಕನಿಷ್ಠ ದಪ್ಪಕ್ಕಿಂತ ನಮ್ಮದು ಹೆಚ್ಚಿತ್ತು, ಹಾಗಾಗಿ ಅದನ್ನು ಉಳಿಸಿಕೊಂಡೆವು. ಬಲಗಡೆಯೂ ಪ್ಯಾಡ್ ಬದಲಿಸಿದೆವು. ಒಂದೇ ಕಡೆ ಹಾಕಿದರೆ ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯಬಹುದು.

ಇನ್ನೊಂದು ಮಾತು ಮರೀಬೇಡಿ. ಕೆಲಸ ಮುಗಿದ ಮೇಲೆ ಮೊದಲ ಸಲ ಪೆಡಲ್ ಒತ್ತಿದರೆ ಅದು ನೆಲಕ್ಕೇ ಹೋಗುತ್ತದೆ. ಕಾರು ಕದಲಿಸುವ ಮೊದಲೇ ಪೆಡಲ್ ಗಟ್ಟಿಯಾಗುವ ತನಕ ಒತ್ತಿ ಒತ್ತಿ ಬಿಡಬೇಕು. ಆಮೇಲೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹತ್ತಾರು ಸಲ ಬ್ರೇಕ್ ಹಾಕಿ, ಪ್ಯಾಡ್ ಹೊಂದಿಕೊಳ್ಳಲು ಬಿಡಬೇಕು. ಹೊಸ ಪ್ಯಾಡ್ ಹಾಕಿದ ದಿನವೇ ಘಾಟಿ ಇಳಿಯಬೇಡಿ.

ಆಯಿಲ್ ಸೋರುತ್ತಿದ್ದರೆ, ಪಿಸ್ಟನ್ ಸುತ್ತಲಿನ ರಬ್ಬರ್ ಹರಿದಿದ್ದರೆ, ಪೆಡಲ್ ಮೆತ್ತಗೇ ಉಳಿದರೆ, ಅದು ಮನೆಯ ಕೆಲಸವಲ್ಲ. ಮೆಕ್ಯಾನಿಕ್‌ನ ಕರೆಸಿ. ಗೊತ್ತಿರುವವರು ಪಕ್ಕದಲ್ಲಿಲ್ಲದೆ ಮೊದಲ ಸಲ ಕೈಹಾಕಲೂ ಬೇಡಿ.

ಇದೆಲ್ಲ ನಮಗಾಗಲ್ಲ ಅನ್ನೋರು ಮುಂದಿನ ಸರ್ವೀಸಿನಲ್ಲಿ ಇಷ್ಟು ಕೇಳಿದರೂ ಸಾಕು: "ಒಳಗಿನ ಪ್ಯಾಡ್ ಎಷ್ಟು ಉಳಿದಿದೆ? ಪಿನ್ನು ಜಾರುತ್ತಾ?"