ಅಂಗಡಿಕಾರರ ಮಗ ಬೀದಿ ಮುಚ್ಚಿದ್ದು

ನಗರಗಳನ್ನು ಸುಧಾರಿಸುವ ನಕ್ಷೆಗಳಿಗೆ ಎಲ್ಲೂ ಬರವಿಲ್ಲ. ಬರೆದವರು ಒಬ್ಬರು, ಸಹಿ ಹಾಕಬೇಕಾದವರು ಇನ್ನೊಬ್ಬರು. ನಡುವೆ ನಕ್ಷೆಗೆ ಗೆದ್ದಲು ಹಿಡಿಯುತ್ತದೆ. ಬ್ರೆಜಿಲ್‌ನ ಕುರಿಟಿಬಾ ನಗರದಲ್ಲಿ ಮಾತ್ರ ನಕ್ಷೆ ಬರೆಯುವವರೇ ಸಹಿ ಹಾಕುವ ಕುರ್ಚಿಯಲ್ಲಿ ಕುಳಿತರು. ಅವರು ಜೈಮೆ ಲರ್ನರ್.

ಪೋಲೆಂಡಿನಿಂದ ವಲಸೆ ಬಂದ ಯೆಹೂದಿ ಕುಟುಂಬದಲ್ಲಿ, 1937ರಲ್ಲಿ ಕುರಿಟಿಬಾದಲ್ಲೇ ಹುಟ್ಟಿದವರು ಲರ್ನರ್. ತಂದೆಗೆ ಅಲ್ಲಿ ಅಂಗಡಿಯಿತ್ತು. ಮಗ ವಾಸ್ತುಶಿಲ್ಪ ಓದಿ, 1971ರಲ್ಲಿ, 33ನೇ ವಯಸ್ಸಿಗೇ ಮೇಯರ್ ಆದರು. ಜನ ಆರಿಸಿದ್ದಲ್ಲ, ಆಗ ಅಲ್ಲಿ ಸೇನಾ ಆಡಳಿತ, ಮೇಯರ್ ಹುದ್ದೆ ನೇಮಕದಿಂದ ಬಂದದ್ದು.

1972ರಲ್ಲಿ ಅವರು ಊರಿನ ಮುಖ್ಯ ವ್ಯಾಪಾರದ ಬೀದಿಗೆ ವಾಹನ ಬರುವುದನ್ನೇ ನಿಲ್ಲಿಸಲು ಹೊರಟರು. ಗಿರಾಕಿ ತಪ್ಪಿಹೋದಾರೆಂದು ಅಂಗಡಿಕಾರರು ಕೆರಳಿದರು. ಕೋರ್ಟಿಗೆ ಹೋಗಲು ಅವಕಾಶವಾಗದಂತೆ, ಶುಕ್ರವಾರ ಸಂಜೆ ಕೆಲಸ ಆರಂಭಿಸಿ 72 ಗಂಟೆಗಳಲ್ಲಿ ಮುಗಿಸಲಾಯಿತು! ಕಾರಿನವರು ನುಗ್ಗುವ ಬೆದರಿಕೆ ಹಾಕಿದಾಗ, ಬೀದಿಯುದ್ದಕ್ಕೂ ಕಾಗದ ಹಾಸಿ, ಚಿತ್ರ ಬರೆಯಲು ಮಕ್ಕಳನ್ನು ಕೂರಿಸಿದರು. ಮಕ್ಕಳ ಮೇಲೆ ಕಾರು ಹರಿಸುವವರು ಯಾರು? ವ್ಯಾಪಾರ ಕುಗ್ಗಲಿಲ್ಲ, ಕೆಲವೇ ದಿನಗಳಲ್ಲಿ ಅಕ್ಕಪಕ್ಕದ ಅಂಗಡಿಯವರು ‘ನಮ್ಮ ಕಡೆಗೂ ವಿಸ್ತರಿಸಿ’ ಎಂದರು.

ಸುರಂಗ ರೈಲಿಗೆ ಹಣವಿರಲಿಲ್ಲ. 1974ರಲ್ಲಿ ರಸ್ತೆಯ ನಡುವೆ ಬಸ್ಸಿಗೇ ಪ್ರತ್ಯೇಕ ಪಥ ಬಂತು. 1991ರಲ್ಲಿ ಕೊಳವೆಯಾಕಾರದ ಗಾಜಿನ ನಿಲ್ದಾಣಗಳು ಬಂದವು. ಮೊದಲೇ ಹಣ ಕೊಟ್ಟು ಒಳಗೆ ನಿಂತವರು ಮೆಟ್ಟಿಲು ಹತ್ತದೆ ನೇರ ಬಸ್ಸಿನೊಳಗೆ ಕಾಲಿಡಬಹುದು. ಕಸದ ಲಾರಿ ಹೋಗಲಾಗದ ಕೊಳೆಗೇರಿಯವರು ತಾವೇ ಕಸ ತಂದುಕೊಟ್ಟರೆ ತರಕಾರಿ ಸಿಗುವ ಏರ್ಪಾಡೂ ಅದೇ ವರ್ಷದ್ದು.

ಮತ ಕೇಳದೆ ಬಂದ ಅಧಿಕಾರದಿಂದ 72 ಗಂಟೆಯಲ್ಲಿ ಬೀದಿ ಬದಲಿಸುವುದು ಸುಲಭ ಎನ್ನಬಹುದು. ಆ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ 1988ರಲ್ಲಿ ಲರ್ನರ್ ಮತದಾರರ ಮುಂದೆಯೇ ನಿಂತರು. ಕಣಕ್ಕಿಳಿದಾಗ ಚುನಾವಣೆಗೆ ಉಳಿದದ್ದು 12 ದಿನ. ಗೆದ್ದರು. 1995ರಿಂದ 2002ರವರೆಗೆ ಪರಾನಾ ರಾಜ್ಯದ ಗವರ್ನರ್ ಕೂಡ ಆದರು. 2021ರಲ್ಲಿ ತೀರಿಕೊಂಡರು.

2018ರಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ಓಡತೊಡಗಿದ ‘ಚಿಗರಿ’ ಬಸ್ಸಿನ ಪ್ರತ್ಯೇಕ ಪಥದ ಮೂಲ ಹುಡುಕಿ ಹೊರಟರೂ ಕುರಿಟಿಬಾಕ್ಕೇ ತಲುಪುತ್ತೇವೆ. ಪಥವನ್ನು ಕಾಂಕ್ರೀಟಿನಲ್ಲಿ ಹಾಕಬಹುದು. ಬೀದಿಯವರ ಸಿಟ್ಟನ್ನು ಎದುರಿಸಿ, ಆಮೇಲೆ ಅವರದೇ ಮತ ಕೇಳುವ ಎದೆಗಾರಿಕೆಯನ್ನು ಯಾವ ಗುತ್ತಿಗೆದಾರ ಹಾಕಿಕೊಟ್ಟಾನು?