ಪಾರ್ಕಿನ್ಸನ್ ರೋಗಿಯ ರಾತ್ರಿಗಳು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರ ತಂದೆತಾಯಿಗಳು ಎಪ್ಪತ್ತನ್ನು ದಾಟಿರುವುದರಿಂದ ಈ ವಿಷಯವನ್ನು ಬರೆಯಬೇಕೆನಿಸಿತು. ಪಾರ್ಕಿನ್ಸನ್ ಕಾಯಿಲೆ ಎಂದೊಡನೆ ನಮಗೆ ನೆನಪಾಗುವುದು ನಡುಗುವ ಕೈ. ಆಯುರ್ವೇದದವರೂ ಇದನ್ನು ಕಂಪವಾತವೆಂದೇ ಕರೆಯುತ್ತಾರೆ. ಆದರೆ 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ರೋಗವನ್ನು ಕುರಿತು ಬರೆದ ಪ್ರಬಂಧದಲ್ಲಿಯೇ ರೋಗಿಯ ನಿದ್ರೆ ಕೆಡುವ ಸಂಗತಿಯೂ ಇದೆ. ಇನ್ನೂರು ವರ್ಷಗಳು ಕಳೆದರೂ ನಮ್ಮ ಮನೆಗಳಲ್ಲಿ ಅದು ರೋಗದ ಲೆಕ್ಕಕ್ಕೆ ಸೇರಿಲ್ಲ.

ಭದ್ರಾವತಿಯಲ್ಲಿರುವ ನಮ್ಮ ಭಾವನವರು ಉಕ್ಕಿನ ಕಾರ್ಖಾನೆಯಲ್ಲಿ ಮೂರೂ ಪಾಳಿಗಳಲ್ಲಿ ದುಡಿದವರು. ರೋಗ ಕಾಣಿಸಿಕೊಂಡ ಮೇಲೆ ನಿದ್ರೆ ಕೆಟ್ಟಾಗ ಬಂಧುಗಳೆಲ್ಲ, "ಜೀವಮಾನವಿಡೀ ರಾತ್ರಿ ಪಾಳಿ ಮಾಡಿದವರಲ್ಲವೇ, ಅಭ್ಯಾಸಬಲ" ಎಂದರು. ಆ ಊರಿನಲ್ಲಿ ಯಾವ ಮುದುಕರಿಗೆ ನಿದ್ರೆ ಬಾರದಿದ್ದರೂ ಇದೇ ಸಮಾಧಾನ! ನಿವೃತ್ತಿಯಾದ ಮೇಲೆ ಹತ್ತು ವರ್ಷ ಅವರು ಸುಖವಾಗಿ ಮಲಗಿದ್ದರೆಂಬುದನ್ನು ಯಾರೂ ನೆನೆಯಲಿಲ್ಲ.

ವಾಸ್ತವವಾಗಿ ನಡೆಯುತ್ತಿದ್ದುದೇ ಬೇರೆ. ಹತ್ತಕ್ಕೆ ಮಲಗಿದರೆ ನಿದ್ರೆ ಬರುತ್ತಿತ್ತು. ಒಂದು ಗಂಟೆಗೆ ಎಚ್ಚರ. ಅಷ್ಟರಲ್ಲಿ ರಾತ್ರಿ ನುಂಗಿದ ಲಿವೋಡೋಪ ಮಾತ್ರೆಯ ಶಕ್ತಿ ಇಳಿದು ಮೈ ಮರಗಟ್ಟಿ, ಮಗ್ಗುಲು ಬದಲಿಸಲೂ ಆಗದು. ಮೂತ್ರಕ್ಕೆ ಹೋಗಬೇಕು, ಏಳಲಾರರು, ಅಕ್ಕನನ್ನು ಕೂಗುವರು. ಕೆಲವರಿಗೆ ಕಾಲುಗಳಲ್ಲಿ ತಡೆಯಲಾರದ ಚಡಪಡಿಕೆ. ಇನ್ನು ಕೆಲವರು ಕನಸಿನಲ್ಲಿ ಕಂಡಂತೆ ಕೈಕಾಲು ಬೀಸಿ ಪಕ್ಕದಲ್ಲಿ ಮಲಗಿದವರಿಗೆ ಒದೆಯುವುದೂ ಉಂಟು. ಈ ಲಕ್ಷಣ ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮೊದಲೇ ಕಾಣಿಸಿಕೊಳ್ಳಬಹುದು. ರೋಗವು ಮಿದುಳಿನಲ್ಲಿ ನಿದ್ರೆಯನ್ನು ನಿಯಂತ್ರಿಸುವ ಭಾಗಗಳನ್ನೂ ಬಾಧಿಸುತ್ತದೆ. ಮನಸ್ಸಿನ ಖಿನ್ನತೆಯೂ ಅದರೊಡನೆ ಸೇರಿಕೊಳ್ಳುತ್ತದೆ.

ಶಿವಮೊಗ್ಗದಲ್ಲಿ ವೈದ್ಯರ ಮುಂದೆ ಕುಳಿತಾಗ ಭಾವನವರು ಕೈ ತೋರಿಸುತ್ತಿದ್ದರು, ನಾಲ್ಕು ಹೆಜ್ಜೆ ನಡೆದು ತೋರಿಸುತ್ತಿದ್ದರು. ನಿದ್ರೆಯ ಪ್ರಶ್ನೆ ಬಂದರೆ "ಪರವಾಗಿಲ್ಲ". ನಮ್ಮ ಹಿರಿಯರಿಗೆ ದೂರು ಹೇಳುವುದೆಂದರೆ ಸಂಕೋಚ. ಹೀಗಾಗಿ ರಾತ್ರಿಯ ವಿಷಯವನ್ನು ರೋಗಿಯ ಬಾಯಿಂದ ಕೇಳಬಾರದು, ಜೊತೆಗೆ ಎಚ್ಚರವಿದ್ದವರಿಂದ ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಕ್ಕ ಎರಡು ವಾರ ಒಂದು ನೋಟ್ ಪುಸ್ತಕದಲ್ಲಿ ಎದ್ದ ಹೊತ್ತು, ಕಾರಣ, ಮಾತ್ರೆಯ ಸಮಯ ಎಲ್ಲವನ್ನೂ ಬರೆದಿಟ್ಟಳು. ಅದನ್ನು ಓದಿದ ವೈದ್ಯರು ಸಂಜೆಯ ಸೆಲಿಜಿಲಿನ್ ಮಾತ್ರೆಯನ್ನು ಬೆಳಿಗ್ಗೆಗೆ ತಂದರು; ಅದು ನಿದ್ರೆಯನ್ನು ದೂರ ಮಾಡುವ ಗುಣದ್ದು. ಮಲಗುವಾಗ ನಿಧಾನವಾಗಿ ಕರಗುವ ಲಿವೋಡೋಪ ಕೊಟ್ಟರು. ರೋಗವೇನೂ ಹೋಗಲಿಲ್ಲ, ಆದರೂ ಈಗ ಒಂದೇ ಸಮನೆ ನಾಲ್ಕು ಗಂಟೆ ನಿದ್ರೆಯಿದೆ.

ಔಷಧದ ಅಂಗಡಿಯಿಂದ ನಿದ್ರೆಮಾತ್ರೆ ತಂದು ನುಂಗಿಸುವವರನ್ನು ಕಂಡರೆ ನನಗೆ ಭಯ. ಆ ಮಂಪರಿನಲ್ಲಿ ಎದ್ದು ಬಿದ್ದರೆ ಸೊಂಟದ ಮೂಳೆಗೇ ಸಂಚಕಾರ. ನಸುಗುನ್ನಿ ಬೀಜದ ಪುಡಿಯೂ ಅಷ್ಟೇ. ಅದರಲ್ಲಿ ಲಿವೋಡೋಪ ಇರುವುದು ನಿಜ, ಆದ್ದರಿಂದಲೇ ವೈದ್ಯರಿಗೆ ತಿಳಿಸದೆ ಕೊಡಕೂಡದು. ಹಾಸಿಗೆಯ ಮೇಲೆ ನುಣುಪಾದ ಬಟ್ಟೆ ಹಾಸಿದರೆ ಮಗ್ಗುಲಾಗುವುದು ಸುಲಭ. ಮಂಚದ ಬಳಿ ಮೂತ್ರದ ಪಾತ್ರೆ, ಮಂದ ದೀಪ, ಹಗಲಿನಲ್ಲಿ ಬಿಸಿಲು ಮತ್ತು ನಡಿಗೆ, ಇವು ದುಡ್ಡಿನ ಬಾಬತ್ತಲ್ಲ.

ನನಗೆ ಹೆಚ್ಚು ನೋವಾಗುವುದು ಅಕ್ಕನನ್ನು ಕಂಡಾಗ. ಎಪ್ಪತ್ತರ ವಯಸ್ಸಿನಲ್ಲಿ ರಾತ್ರಿಗೆ ನಾಲ್ಕು ಸಲ ಎದ್ದು ಬೆಳಿಗ್ಗೆ ದೋಸೆ ಹುಯ್ಯುವ ಅವಳ ಹೆಸರು ಯಾವ ಚೀಟಿಯಲ್ಲಿಯೂ ಇಲ್ಲ. ಬೆಂಗಳೂರಿನಲ್ಲಿಯೂ ವಿದೇಶದಲ್ಲಿಯೂ ಇರುವ ಮಕ್ಕಳೇ, ಭಾನುವಾರದ ಫೋನಿನಲ್ಲಿ "ಅಪ್ಪನ ಕೈ ಹೇಗಿದೆ?" ಎಂದು ಕೇಳುತ್ತೀರಿ. ಅಮ್ಮ ನಿನ್ನೆ ಎಷ್ಟು ಹೊತ್ತು ಮಲಗಿದಳೆಂದೂ ಕೇಳಿ. ರಾತ್ರಿಗೆ ಒಬ್ಬ ಸಹಾಯಕರನ್ನಿಟ್ಟರೆ "ಜನ ಏನೆಂದಾರು" ಎಂಬ ಅಂಜಿಕೆಯನ್ನು ಬಿಡಿ. ಆಡಿಕೊಳ್ಳುವ ಜನ ರಾತ್ರಿ ಎರಡು ಗಂಟೆಗೆ ಬಂದು ಮಗ್ಗುಲು ತಿರುಗಿಸುವುದಿಲ್ಲ. ಶನಿವಾರ ಸಂಜೆ ಶಿವಮೊಗ್ಗದಿಂದ ನಾನು ಹೋಗುತ್ತೇನೆ. ಬುಧವಾರಕ್ಕೆ ಒಬ್ಬರನ್ನು ಗೊತ್ತುಮಾಡಿದ್ದೇವೆ, ಅವರ ಸಂಬಳವನ್ನು ಮಕ್ಕಳಿಬ್ಬರು ಹಂಚಿಕೊಂಡಿದ್ದಾರೆ. ಉಳಿದ ಐದು ರಾತ್ರಿಗಳ ಬಗ್ಗೆ ಮಾತುಕತೆ ನಡೆದಿದೆ.