ಕೋಟೆ ಎಲ್ಲಿದೆ ಅಂತ ಕೇಳಿದಳು

ಗೈಡಿಗೆ ದುಡ್ಡು ಕೊಡುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಬೋರ್ಡು ಓದಿದರೆ ಸಾಲದೇ, ಅವರ ಅರ್ಧ ಸುಳ್ಳಿಗೆ ಯಾಕೆ ಕೊಡಬೇಕು ಅನ್ನುವ ಪೈಕಿ ನಾನು. ಇಟಲಿಗೆ ಹೋದಾಗ ಮಗಳು ನನ್ನನ್ನು ಕೇಳದೆಯೇ ಲುಕ್ಕಾ ಎಂಬ ಊರಿನಲ್ಲಿ ಎರಡು ಗಂಟೆಯ ನಡಿಗೆಗೆ ಬುಕ್ ಮಾಡಿಬಿಟ್ಟಿದ್ದಳು. ಗೊಣಗುತ್ತಲೇ ಹೋದೆ.

ಊರಿನ ಸುತ್ತ ನಾಲ್ಕು ಕಿಲೋಮೀಟರಿಗೂ ಮಿಕ್ಕಿದ ಕೋಟೆಗೋಡೆ ಪೂರ್ತಿ ಉಳಿದಿದೆ. ಈಗಿರುವುದು 16-17ನೇ ಶತಮಾನದ್ದು. ಗೋಡೆಯ ಮೇಲೇ ಸಾಲುಮರ, ಅಗಲವಾದ ದಾರಿ; ಮುದುಕರ ವಾಕಿಂಗು, ಮಕ್ಕಳ ಸೈಕಲ್ಲು. ಟಿಕೆಟ್ಟಿಲ್ಲ. ಈ ಗೋಡೆ ನಿಜವಾಗಿ ಕೆಲಸಕ್ಕೆ ಬಂದದ್ದು 1812ರಲ್ಲಂತೆ, ಅದೂ ಶತ್ರುವಿನೆದುರು ಅಲ್ಲ. ಸೆರ್ಕಿಯೋ ನದಿ ಉಕ್ಕಿದಾಗ ಬಾಗಿಲು ಮುಚ್ಚಿ ಊರು ಉಳಿಸಿಕೊಂಡರು. ಆಗ ಊರು ಆಳುತ್ತಿದ್ದ ನೆಪೋಲಿಯನ್ನನ ತಂಗಿ ಎಲಿಸಾ ಹೊರಗೆ ಸಿಕ್ಕಿಬಿದ್ದು, ಅವಳನ್ನು ಗೋಡೆಯ ಮೇಲಿಂದ ಎತ್ತಿ ಒಳಗಿಳಿಸಿದರು ಅಂತ ಕತೆ.

ಆಮೇಲೆ ಗೈಡಮ್ಮ ಒಂದು ಕಮಾನಿನೊಳಗೆ ಕರೆದೊಯ್ದಳು. ಮೊಟ್ಟೆಯಾಕಾರದ ಅಂಗಳ, ಸುತ್ತ ಹಳದಿ ಮನೆಗಳು, ಕೆಳಗೆ ಹೋಟೆಲುಗಳು. ಒಬ್ಬನೇ ಹೋಗಿದ್ದರೆ ಕಾಫಿ ಕುಡಿದು ಎದ್ದು ಬರುತ್ತಿದ್ದೆ. ಅವಳು ಹಿಂದಿನ ಬೀದಿಗೆ ಸುತ್ತಿಸಿ, ಮನೆಗಳ ಗೋಡೆಯಲ್ಲೇ ಹುದುಗಿಹೋದ ರೋಮನ್ನರ ಕಾಲದ ಕಮಾನುಗಳನ್ನು ಬೆರಳಿಟ್ಟು ತೋರಿಸಿದಳು. ಅದು ಅವರ ಬಯಲು ರಂಗಮಂದಿರ. ಜನ ಅದನ್ನೇ ಆತು ಮನೆ ಕಟ್ಟಿಕೊಂಡರು. ನಾವು ದುಡ್ಡು ಕೊಡುವುದು ಆ ಬೆರಳಿಗೆ. (ಕೊನೆಗೆ ಆಲಿವ್ ಎಣ್ಣೆ ಅಂಗಡಿಗೂ ಕರೆದೊಯ್ದಳು ಅನ್ನಿ. ಎಲ್ಲೂರಿನ ಗೈಡೂ ಗೈಡೇ!) ಪುಚ್ಚಿನಿ ಹುಟ್ಟಿದ ಮನೆ, ನೆತ್ತಿಯಲ್ಲಿ ಮರ ಬೆಳೆದ ಗೋಪುರ ಎಲ್ಲ ಪೋಸ್ಟ್‌ಕಾರ್ಡಿನಲ್ಲೂ ಸಿಗುತ್ತವೆ.

ನಡೆಯುತ್ತಾ ನಿಮ್ಮದು ಯಾವೂರು ಅಂತ ವಿಚಾರಿಸಿದಳು. ಮುಂಬಯಿ, ಕೆಲಸ ಮಾಡಿದ್ದು ಫೋರ್ಟ್‌ನಲ್ಲಿ ಅಂದೆ. "ಹಾಗಾದರೆ ಕೋಟೆ ಎಲ್ಲಿದೆ?"

ನಾನು ತಬ್ಬಿಬ್ಬು. ಕುಂದಾಪುರ ಕಡೆಯಿಂದ ಹದಿನೇಳಕ್ಕೇ ಬಂದವನು. ಹಗಲು ಕ್ಯಾಂಟೀನು, ರಾತ್ರಿ ಫೋರ್ಟ್‌ನ ಕನ್ನಡ ಶಾಲೆ, ಆಮೇಲೆ ಅಲ್ಲೇ ಆಫೀಸು. ಬಜಾರ್‌ಗೇಟ್ ಸ್ಟ್ರೀಟಿನಲ್ಲಿ ಎಷ್ಟು ಸಾವಿರ ಸಲ ಓಡಾಡಿದ್ದೇನೋ, ಗೇಟು ಯಾವುದೆಂದು ಒಮ್ಮೆಯೂ ಕೇಳಲಿಲ್ಲ.

ಬಂದ ಮೇಲೆ ಹುಡುಕಿ ಓದಿದೆ. ಅಪೋಲೋ ಗೇಟ್, ಚರ್ಚ್ ಗೇಟ್, ಬಜಾರ್ ಗೇಟ್ ಅಂತ ಮೂರು ಬಾಗಿಲಿದ್ದವು. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೆರ್ ಗೋಡೆ ಕೆಡವಿಸಿದ. ಚರ್ಚ್ ಗೇಟ್ ಇದ್ದ ಕಡೆಯೇ ಈಗಿನ ಫ್ಲೋರಾ ಫೌಂಟನ್. ಸೇಂಟ್ ಜಾರ್ಜ್ ಆಸ್ಪತ್ರೆಯ ಹತ್ತಿರ ಒಂದು ತುಂಡು ಉಳಿದಿದೆ.

ಗೋಡೆಯ ಸಂಗತಿ ಪುಸ್ತಕದಲ್ಲಿ ಸಿಕ್ಕಿತು. ಆದರೆ ನಮ್ಮ ಹುಡುಗರು ಯಾವ ಕ್ಯಾಂಟೀನಿನ ಬೆಂಚಿನ ಮೇಲೆ ಮಲಗುತ್ತಿದ್ದರು, ರಾತ್ರಿ ಶಾಲೆ ಬಿಟ್ಟ ಮೇಲೆ ಯಾವ ದೀಪದ ಕಂಬದ ಕೆಳಗೆ ಓದುತ್ತಿದ್ದರು, ಇದನ್ನು ಯಾವ ಗೈಡು ತೋರಿಸುತ್ತಾನೆ? ಬಲ್ಲವರೆಲ್ಲ ಎಪ್ಪತ್ತು ದಾಟಿದ್ದಾರೆ. ಬೆರಳಿಟ್ಟು ತೋರಿಸಬೇಕಾದವರು ನಾವೇ.

ಬರುವ ರವಿವಾರ ಬೆಳಿಗ್ಗೆ ಏಳಕ್ಕೆ ಮಗಳ ಜೊತೆ ಬಜಾರ್‌ಗೇಟಿನಿಂದ ಹೊರಡುವವನಿದ್ದೇನೆ. ಬರುವವರು ಬನ್ನಿ. ದುಡ್ಡು ಬೇಡ, ಚಹಾ ಮಾತ್ರ ನೀವೇ ಕೊಡಿಸಬೇಕು.